ಬೆಳಗಿನ ಆ ಒಂದು ಗಂಟೆ ಯಾರದು?

ಶಿವಮೊಗ್ಗದಂಥ ಊರಿನ ಮನೆಗಳಲ್ಲಿ ಬೆಳಗ್ಗೆ ಐದೂವರೆಯಿಂದ ಏಳರವರೆಗಿನ ಹೊತ್ತಿಗೆ ಹಕ್ಕುದಾರರು ಬಹಳ. ಹಾಲು ಕಾಯಿಸಬೇಕು, ನಲ್ಲಿಯಲ್ಲಿ ನೀರು ಬಂದರೆ ತುಂಬಿಸಿಕೊಳ್ಳಬೇಕು, ತಿಂಡಿಯಾಗಬೇಕು, ಮಕ್ಕಳ ಮಧ್ಯಾಹ್ನದ ಡಬ್ಬಿಗೆ ಪಲ್ಯವೋ ಚಿತ್ರಾನ್ನವೋ ಸಿದ್ಧವಾಗಬೇಕು, ಸಮವಸ್ತ್ರಕ್ಕೆ ಇಸ್ತ್ರಿಯಾಗಬೇಕು, ಮನೆಯ ಹಿರಿಯರಿಗೆ ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡಬೇಕು. ವ್ಯಾಯಾಮ ಮಾಡಿ ಎಂದು ಹೇಳುವ ವೈದ್ಯರು, ಪತ್ರಿಕೆಯ ಅಂಕಣಗಳು, ಬಂಧುಗಳು, ಎಲ್ಲರೂ ತೋರಿಸುವುದು ಇದೇ ಹೊತ್ತನ್ನು. ಹೀಗಿರುವಾಗ ‘ವ್ಯಾಯಾಮಕ್ಕೆ ಸಮಯವಿಲ್ಲವೇ?’ ಎಂಬ ಪ್ರಶ್ನೆಯನ್ನು ಒಬ್ಬ ವ್ಯಕ್ತಿಗೆ ಕೇಳಿ ಪ್ರಯೋಜನವಿಲ್ಲ. ಆ ಹೊತ್ತಿನಲ್ಲಿ ಮನೆಯಿಂದ ಯಾರು ಹೊರಗೆ ಹೋಗಬಹುದು ಮತ್ತು ಅವರು ಹೋದಾಗ ಅವರ ಕೈಯಲ್ಲಿದ್ದ ಕೆಲಸವನ್ನು ಯಾರು ತೆಗೆದುಕೊಳ್ಳುತ್ತಾರೆ ಎಂಬ ಪ್ರಶ್ನೆಯನ್ನು ಇಡೀ ಮನೆಗೇ ಕೇಳಬೇಕು.

ಗಾಂಧಿ ಪಾರ್ಕಿನಲ್ಲೋ ನೆಹರೂ ಕ್ರೀಡಾಂಗಣದಲ್ಲೋ ಬೆಳಗ್ಗೆ ಆರು ಗಂಟೆಯ ಹೊತ್ತಿಗೆ ನಾನು ಕಾಣುವುದು ಹೆಚ್ಚಾಗಿ ನಿವೃತ್ತರನ್ನು, ಐವತ್ತು ದಾಟಿದ ಗಂಡಸರನ್ನು ಮತ್ತು ಪೊಲೀಸ್ ಅಥವಾ ಸೇನಾ ನೇಮಕಾತಿಗೆ ಸಿದ್ಧರಾಗುತ್ತಿರುವ ಹುಡುಗರನ್ನು. ಶಾಲೆಗೆ ಹೋಗುವ ಮಕ್ಕಳಿರುವ ಮೂವತ್ತೈದು, ನಲವತ್ತರ ವಯಸ್ಸಿನ ಹೆಂಗಸರು ಅಲ್ಲಿ ವಿರಳ. ಅವರಿಗೆ ಆರೋಗ್ಯದ ಕಾಳಜಿ ಇಲ್ಲವೆಂದಲ್ಲ. ಆ ಹೊತ್ತಿನಲ್ಲಿ ಅವರು ಒಲೆಯ ಮುಂದೆ ಇರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರು 2024ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, 2022ರಲ್ಲಿ ಭಾರತದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಮಂದಿ ಬೇಕಾದಷ್ಟು ದೈಹಿಕ ಚಟುವಟಿಕೆ ಇಲ್ಲದೆ ಬದುಕುತ್ತಿದ್ದರು. ಹೆಂಗಸರಲ್ಲಿ ಈ ಪ್ರಮಾಣ ಶೇ. 57, ಗಂಡಸರಲ್ಲಿ ಶೇ. 42. ಈ ಅಂತರಕ್ಕೆ ಕಾರಣಗಳು ಹಲವಿರಬಹುದು. ನಮ್ಮ ಬಡಾವಣೆಯ ಮನೆಗಳನ್ನು ಕಂಡು ಹೇಳುವುದಾದರೆ, ಬೆಳಗಿನ ಆ ಒಂದೂವರೆ ಗಂಟೆ ಅವುಗಳಲ್ಲಿ ದೊಡ್ಡದು.

ನಮ್ಮದು ವಿನೋಬನಗರದಲ್ಲಿರುವ ಐದು ಜನರ ಸಂಸಾರ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ಮಗಳು ಹತ್ತನೆಯ ತರಗತಿ, ಮಗ ಐದನೆಯ ತರಗತಿ, ಜೊತೆಗೆ ಎಪ್ಪತ್ತು ದಾಟಿದ ಅತ್ತೆಯವರು. ತೀರ್ಥಹಳ್ಳಿ ಕಡೆಯ ಮೂಲಮನೆಯಲ್ಲಿ ಮೈದುನ, ವಾರಗಿತ್ತಿ ಮತ್ತು ಅವರ ಮಕ್ಕಳು ಅಡಿಕೆ ತೋಟ ನೋಡಿಕೊಂಡಿದ್ದಾರೆ. ನಾವು ವಾರದ ದಿನಗಳನ್ನು ಹಂಚಿಕೊಂಡಿದ್ದೇವೆ: ಕೆಲವು ಬೆಳಗು ನನ್ನವು, ಕೆಲವು ನನ್ನ ಪತಿಯವು, ಭಾನುವಾರ ಎಲ್ಲರದು. ಒಬ್ಬರು ನಡೆಯಲು ಹೋದ ದಿನ ಮತ್ತೊಬ್ಬರು ಅಡುಗೆಮನೆಯನ್ನು ಪೂರ್ತಿಯಾಗಿ ವಹಿಸಿಕೊಳ್ಳಬೇಕು. ‘ಪೂರ್ತಿಯಾಗಿ’ ಎಂಬ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಸಾಸಿವೆ ಡಬ್ಬಿ ಎಲ್ಲಿದೆ, ಮಗನ ಡಬ್ಬಿಗೆ ಏನು ಹಾಕಲಿ, ಕುಕ್ಕರ್ ಎಷ್ಟು ಕೂಗಬೇಕು ಎಂದು ನಡೆಯಲು ಹೋದವರಿಗೆ ಫೋನ್ ಮಾಡಿ ಕೇಳುವಂತಿಲ್ಲ. ಕೈಕೆಲಸವನ್ನು ಗಂಡ ಮಾಡಿ, ಯೋಚನೆಯ ಕೆಲಸವೆಲ್ಲ ಹೆಂಡತಿಯ ತಲೆಯಲ್ಲೇ ಉಳಿದರೆ ಅವಳು ಪಾರ್ಕಿನಲ್ಲಿದ್ದರೂ ಅಡುಗೆಮನೆಯಲ್ಲೇ ಇದ್ದ ಹಾಗೆ.

ಇದಕ್ಕಾಗಿ ಮನೆಯಲ್ಲಿ ಬದಲಾದದ್ದು ಹೆಚ್ಚಾಗಿ ರಾತ್ರಿಯ ಕೆಲಸ. ತರಕಾರಿ ರಾತ್ರಿಯೇ ಹೆಚ್ಚಿಡುತ್ತೇವೆ, ಮಕ್ಕಳು ತಮ್ಮ ಚೀಲ ತಾವೇ ಜೋಡಿಸಿಕೊಳ್ಳುತ್ತಾರೆ, ವಾರದ ಇಸ್ತ್ರಿ ಭಾನುವಾರ ಸಂಜೆಯೇ ಮುಗಿಯುತ್ತದೆ. ಇವೆಲ್ಲ ಸಣ್ಣ ಮಾತು. ದೊಡ್ಡ ಬದಲಾವಣೆಯೆಂದರೆ ಅಕ್ಕಿ ರೊಟ್ಟಿಯದು. ಮಲೆನಾಡಿನ ಮನೆಗಳಲ್ಲಿ ರೊಟ್ಟಿ ಹಂಚಿನಿಂದ ನೇರವಾಗಿ ತಟ್ಟೆಗೆ ಬೀಳಬೇಕು, ಕಡುಬು ಹಬೆಯಾಡುತ್ತಿರುವಾಗಲೇ ತಿನ್ನಬೇಕು ಎಂಬ ರೂಢಿಯಿದೆ. ಅದರ ರುಚಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ರುಚಿಗಾಗಿ ಎಲ್ಲರ ಸ್ನಾನ, ಎಲ್ಲರ ತಿಂಡಿ ಮುಗಿಯುವವರೆಗೆ ಒಬ್ಬರು ಒಲೆಯ ಬಳಿ ನಿಂತೇ ಇರಬೇಕಾಗುತ್ತದೆ. ರೊಟ್ಟಿಯನ್ನೂ ಕಡುಬನ್ನೂ ಭಾನುವಾರಕ್ಕೆ ಇಟ್ಟುಕೊಂಡು, ಉಳಿದ ದಿನ ಅವಲಕ್ಕಿ, ಉಪ್ಪಿಟ್ಟು, ರಾತ್ರಿಯೇ ರುಬ್ಬಿಟ್ಟ ಹಿಟ್ಟಿನ ಇಡ್ಲಿ ಸಾಕು ಎಂದು ಮನೆಯವರೆಲ್ಲ ಒಪ್ಪಿದ್ದರಿಂದ ಉಳಿದ ಸಮಯವೇ ನನ್ನ ನಡಿಗೆಯ ಸಮಯ. ಅತ್ತೆಯವರ ಸಮ್ಮತಿ ಇಲ್ಲಿ ಬಹಳ ಮುಖ್ಯವಾಯಿತು. ‘ನೀ ಹೋಗ್ಬಾ ಮಾರಾಯ್ತಿ, ಹಾಲು ಉಕ್ಕದ ಹಂಗೆ ನಾ ನೋಡ್ಕಳ್ತೀನಿ’ ಎಂದು ಅವರು ಹೇಳಿದ ಮೇಲೆ ಮನೆಯಲ್ಲಿ ಬೇರೆ ಯಾರೂ ಆಕ್ಷೇಪಿಸುವ ಪ್ರಶ್ನೆ ಬರಲಿಲ್ಲ. ಕೂಡಿ ಬಾಳುವ ಮನೆಗಳಲ್ಲಿ ಹಿರಿಯರ ಒಂದು ಮಾತಿಗೆ ಇರುವ ಬಲ ಯಾವ ಆರೋಗ್ಯ ಪ್ರಚಾರಕ್ಕೂ ಇಲ್ಲ.

ಎಷ್ಟು ವ್ಯಾಯಾಮ ಬೇಕು ಎಂಬ ವಿಷಯದಲ್ಲಿ ಅನೇಕರಿಗೆ ಅನವಶ್ಯಕವಾದ ಭಯವಿದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆ ಬೇಕು; ಏದುಸಿರು ಬರುವಷ್ಟು ಶ್ರಮವಾದರೆ 75ರಿಂದ 150 ನಿಮಿಷ. ಇದರ ಜೊತೆಗೆ ವಾರದಲ್ಲಿ ಕನಿಷ್ಠ ಎರಡು ದಿನ ಮೈಯ ಮುಖ್ಯ ಸ್ನಾಯುಗಳಿಗೆಲ್ಲ ಬಲ ತುಂಬುವ ವ್ಯಾಯಾಮವಿರಬೇಕು. ಮಧ್ಯಮ ಶ್ರಮ ಯಾವುದೆಂದು ತಿಳಿಯಲು ಯಂತ್ರ ಬೇಡ. ನಡೆಯುತ್ತ ಪಕ್ಕದವರೊಡನೆ ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ಬಿರುಸಾಗಿದ್ದರೆ ಸಾಕು. ಸಂಸಾರಸ್ಥರಿಗೆ ಇನ್ನೂ ಉಪಯುಕ್ತವಾದ ಅಂಶವೊಂದು ಈ ಮಾರ್ಗಸೂಚಿಯಲ್ಲಿದೆ. 2010ರ ಸೂಚನೆಯಲ್ಲಿ ಚಟುವಟಿಕೆ ಒಂದು ಸಲಕ್ಕೆ ಕನಿಷ್ಠ ಹತ್ತು ನಿಮಿಷವಾದರೂ ಮುಂದುವರಿದರೆ ಮಾತ್ರ ಲೆಕ್ಕ ಎಂಬ ಷರತ್ತಿತ್ತು; 2020ರಲ್ಲಿ ಅದನ್ನು ಕೈಬಿಟ್ಟರು. ಮಗನನ್ನು ಶಾಲೆಯ ವ್ಯಾನಿಗೆ ಬಿಟ್ಟು ಬಿರುಸಾಗಿ ಹಿಂದಿರುಗುವ ಐದು ನಿಮಿಷ, ಕಚೇರಿಯ ಮೂರನೆಯ ಮಹಡಿಗೆ ಮೆಟ್ಟಿಲು ಹತ್ತುವ ಎರಡು ನಿಮಿಷ, ಇವೂ ಲೆಕ್ಕಕ್ಕೆ ಸೇರುತ್ತವೆ. ಹಾಗೆಯೇ ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಲೆಕ್ಕವೂ ವೈದ್ಯಶಾಸ್ತ್ರದಿಂದ ಹುಟ್ಟಿದ್ದಲ್ಲ; 1960ರ ದಶಕದಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನವೊಂದರ ಮೂಲಕ ಪ್ರಚಾರಕ್ಕೆ ಬಂದದ್ದು. 2022ರಲ್ಲಿ ‘ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್’ ಪ್ರಕಟಿಸಿದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯಲ್ಲಿ, ಅರವತ್ತು ದಾಟಿದವರಿಗೆ ದಿನಕ್ಕೆ 6,000ದಿಂದ 8,000 ಹೆಜ್ಜೆಗಳ ಹೊತ್ತಿಗೇ ಲಾಭದ ಬಹುಪಾಲು ದೊರೆತಿರುವುದು ಕಂಡುಬಂದಿದೆ.

ಮಲೆನಾಡಿನಲ್ಲಿ ವ್ಯಾಯಾಮದ ಮಾತೆತ್ತಿದರೆ ತಪ್ಪದೆ ಬರುವ ಉತ್ತರ, ‘ಮನೆಗೆಲಸ ಮಾಡಿದರೆ ಸಾಲದೆ, ಬೇರೆ ವ್ಯಾಯಾಮ ಯಾಕೆ?’ ಎಂಬುದು. ಈ ಮಾತನ್ನು ತಳ್ಳಿಹಾಕದೆ ಯೋಚಿಸಿ ನೋಡಬೇಕು, ಏಕೆಂದರೆ ಒಂದು ಕಾಲಕ್ಕೆ ಅದು ಪೂರ್ತಿ ನಿಜವಾಗಿತ್ತು. ಅತ್ತೆಯವರು ಮದುವೆಯಾಗಿ ಬಂದ ಕಾಲದಲ್ಲಿ ಬಾವಿಯಿಂದ ನೀರು ಸೇದಬೇಕಿತ್ತು, ಒರಳಿನಲ್ಲಿ ರುಬ್ಬಬೇಕಿತ್ತು, ಒನಕೆಯಲ್ಲಿ ಭತ್ತ ಕುಟ್ಟಬೇಕಿತ್ತು, ಬೆಟ್ಟದಿಂದ ಸೊಪ್ಪಿನ ಹೊರೆ ತಲೆಯ ಮೇಲೆ ಹೊತ್ತು ಇಳಿದು ಕೊಟ್ಟಿಗೆಗೆ ಹಾಸಬೇಕಿತ್ತು, ಪೇಟೆಗೆ ಹೋಗಲು ಗುಡ್ಡ ಹತ್ತಿ ಇಳಿದು ಬಸ್ಸಿನ ರಸ್ತೆಗೆ ಬರಬೇಕಿತ್ತು. ಆ ಒಂದೊಂದು ಕೆಲಸದಲ್ಲೂ ಹೆಗಲು, ಬೆನ್ನು, ತೊಡೆ, ಎದೆಗೂಡು ಎಲ್ಲವೂ ದುಡಿಯುತ್ತಿದ್ದವು. ಈಗ ಬಾವಿಗೆ ಮೋಟಾರು ಬಂದಿದೆ, ಒರಳಿನ ಜಾಗದಲ್ಲಿ ಗ್ರೈಂಡರ್ ಇದೆ, ಭತ್ತ ಮಿಲ್ಲಿಗೆ ಹೋಗುತ್ತದೆ, ತೋಟಕ್ಕೂ ಬೈಕಿನಲ್ಲೇ ಹೋಗುತ್ತೇವೆ. ಇವೆಲ್ಲ ಬಂದದ್ದು ಒಳ್ಳೆಯದೇ. ಆ ದುಡಿತದಲ್ಲಿ ಸವೆದ ಹೆಂಗಸರನ್ನು ಕಂಡವರು ಯಾರೂ ಒನಕೆಯ ಕಾಲ ಮರಳಲಿ ಎನ್ನುವುದಿಲ್ಲ. ಆದರೆ ತಟ್ಟೆಯಲ್ಲಿನ ಅನ್ನದ ಪ್ರಮಾಣ ಮಾತ್ರ ಆ ಕಾಲದ್ದೇ ಉಳಿದುಕೊಂಡಿದೆ.

ದುಡಿಮೆಯ ಬಗೆಗೂ ಹೃದಯಕ್ಕೂ ಇರುವ ನಂಟನ್ನು ಮೊದಲು ಎತ್ತಿ ತೋರಿಸಿದವರಲ್ಲಿ ಬ್ರಿಟನ್ನಿನ ವೈದ್ಯ ಜೆರೆಮಿ ಮಾರಿಸ್ ಪ್ರಮುಖರು. 1953ರಲ್ಲಿ ಅವರೂ ಅವರ ಸಂಗಡಿಗರೂ ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಚಾಲಕರನ್ನೂ ನಿರ್ವಾಹಕರನ್ನೂ ಹೋಲಿಸಿ ಬರೆದರು. ಇಬ್ಬರೂ ಒಂದೇ ಬಸ್ಸಿನಲ್ಲಿ ಒಂದೇ ಬೀದಿಗಳಲ್ಲಿ ದಿನ ಕಳೆಯುವವರು. ಚಾಲಕ ಪಾಳಿಯ ಬಹುಪಾಲು ಹೊತ್ತು ಕುಳಿತೇ ಇರುತ್ತಾನೆ, ನಿರ್ವಾಹಕ ಟಿಕೆಟ್ ಕೊಡಲು ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಹೃದಯಾಘಾತ ಚಾಲಕರಲ್ಲಿ ಹೆಚ್ಚಾಗಿತ್ತು. ಅಂಚೆ ಹಂಚುವವರನ್ನೂ ಕುರ್ಚಿಯ ಮೇಲೆ ಕುಳಿತು ಬರೆಯುವ ಗುಮಾಸ್ತರನ್ನೂ ಹೋಲಿಸಿದಾಗಲೂ ಇಂಥದೇ ವ್ಯತ್ಯಾಸ ಕಂಡಿತು. ನಮ್ಮ ಇಂದಿನ ಮನೆಗೆಲಸದಲ್ಲಿ ನಿರ್ವಾಹಕನ ಪಾಲು ಎಷ್ಟು, ಚಾಲಕನ ಪಾಲು ಎಷ್ಟು ಎಂದು ಪ್ರಾಮಾಣಿಕವಾಗಿ ವಿಂಗಡಿಸಿದರೆ ಉತ್ತರ ಸಿಗುತ್ತದೆ. ಸಿಂಕಿನ ಮುಂದೆ ಅರ್ಧ ಗಂಟೆ ನಿಂತು ಪಾತ್ರೆ ತೊಳೆದರೆ ಕಾಲು ಸೋಲುತ್ತದೆ, ಸೊಂಟ ಹಿಡಿಯುತ್ತದೆ. ಎದೆಬಡಿತ ಏರುವುದಿಲ್ಲ, ತೊಡೆಗೆ ಬಲ ಬರುವುದಿಲ್ಲ. ಅಡಿಕೆ ಸುಗ್ಗಿಯಲ್ಲಿ ರಾತ್ರಿಯವರೆಗೂ ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿಯುವುದೂ ಹೀಗೆಯೇ. ಬೆರಳು, ಮಣಿಕಟ್ಟು, ಬೆನ್ನಿನ ಒಂದೇ ಭಾಗಕ್ಕೆ ಗಂಟೆಗಟ್ಟಲೆ ಒತ್ತಡ ಬೀಳುತ್ತದೆ, ಉಳಿದ ಮೈ ಅಲುಗದೆ ಇರುತ್ತದೆ. ದಣಿವಾದ ಮಾತ್ರಕ್ಕೆ ಅದು ವ್ಯಾಯಾಮವಾಗುವುದಿಲ್ಲ.

ಇದಕ್ಕೆ ತದ್ವಿರುದ್ಧವಾದ ಅನ್ಯಾಯವೂ ಒಂದಿದೆ. ದಿನವಿಡೀ ಗೊಬ್ಬರದ ಬುಟ್ಟಿ ಹೊತ್ತು, ಅಡಿಕೆಯ ಕೊನೆಗಳನ್ನು, ಎಂದರೆ ಗೊನೆಗಳನ್ನು, ತಲೆಯ ಮೇಲೆ ಹೊತ್ತು ದಿಬ್ಬ ಹತ್ತಿ ಸಾಗಿಸಿ ಬಂದ ಕೂಲಿಯ ಹೆಂಗಸಿಗೆ ಅಥವಾ ಮರದಿಂದ ಮರಕ್ಕೆ ದಾಟುತ್ತ ಕೊನೆ ಕೊಯ್ಯುವವರಿಗೆ ‘ವಾಕಿಂಗ್ ಮಾಡಿ’ ಎಂದು ಉಪದೇಶಿಸುವುದು. ಅವರಿಗೆ ಬೇಕಾದುದು ವಿಶ್ರಾಂತಿ, ಹೊಟ್ಟೆ ತುಂಬ ಒಳ್ಳೆಯ ಆಹಾರ ಮತ್ತು ನೋವಿಗೆ ಹೊತ್ತಿಗೆ ಸರಿಯಾದ ಚಿಕಿತ್ಸೆ. ವ್ಯಾಯಾಮದ ಮಾತು ಹೇಳುವಾಗ ಎದುರಿಗಿರುವವರ ದಿನ ಹೇಗೆ ಕಳೆಯುತ್ತದೆ ಎಂದು ಮೊದಲು ಕೇಳಬೇಕು.

ನಮ್ಮ ಸೀಮೆಯಲ್ಲಿ ಎಂಥ ಒಳ್ಳೆಯ ಅಭ್ಯಾಸವನ್ನೂ ಮುರಿಯುವುದು ಮಳೆಗಾಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ. ಶಿವಮೊಗ್ಗ ನಗರದ ಪಾಲಿಗೆ ಅದರ ಸಣ್ಣ ಭಾಗ ಮಾತ್ರ ಬರುತ್ತದಾದರೂ, ಆರಿದ್ರಾ ಮಳೆ ಹಿಡಿದ ಮೇಲೆ ಆಶ್ಲೇಷ ಕಳೆಯುವವರೆಗೆ ಬೆಳಗಿನ ನಡಿಗೆಯನ್ನು ನೆಚ್ಚಿಕೊಳ್ಳುವಂತಿಲ್ಲ. ಬೇಸಿಗೆಯಲ್ಲಿ ರೂಢಿಯಾದದ್ದು ಈ ಅವಧಿಯಲ್ಲಿ ನಿಂತುಹೋಗಿ, ಗಣಪತಿ ಹಬ್ಬದ ನಂತರ, ಆಮೇಲೆ ದಸರೆಯ ನಂತರ, ಆಮೇಲೆ ದೀಪಾವಳಿಯ ನಂತರ ಎಂದು ಮುಂದಕ್ಕೆ ಹೋಗುತ್ತದೆ. ಆದ್ದರಿಂದ ಮಲೆನಾಡಿನವರು ವ್ಯಾಯಾಮದ ಯೋಜನೆಯನ್ನು ಮಳೆಗಾಲವನ್ನು ಮುಂದಿಟ್ಟುಕೊಂಡೇ ಹಾಕಬೇಕು, ಬೇಸಿಗೆಯ ನಡಿಗೆಯನ್ನು ಅದಕ್ಕೆ ಸೇರಿಸಿಕೊಳ್ಳಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಮನೆಯೊಳಗೆ ಮಾಡಬಹುದಾದ ವ್ಯಾಯಾಮದ ವಿಷಯದಲ್ಲಿ ನಾವು ಯಾರಿಂದಲೂ ಎರವಲು ತರಬೇಕಾಗಿಲ್ಲ. ಗರಡಿಮನೆಯ ದಂಡ, ಬಸ್ಕಿಗಳು ಇಡೀ ಮೈಗೆ ಬಲ ಕೊಡುವ ವ್ಯಾಯಾಮಗಳು. ಶಾಲೆಗಳಲ್ಲಿ ಬಸ್ಕಿಯನ್ನು ಶಿಕ್ಷೆಯಾಗಿ ಬಳಸಿ ಅದಕ್ಕೆ ಅಪಮಾನದ ಬಣ್ಣ ಬಳಿದದ್ದು ದೊಡ್ಡ ನಷ್ಟ. ಸೂರ್ಯನಮಸ್ಕಾರದ ಹನ್ನೆರಡು ಹಂತಗಳಲ್ಲಿ ಬೆನ್ನು ಮುಂದಕ್ಕೂ ಹಿಂದಕ್ಕೂ ಬಾಗುತ್ತದೆ, ತೋಳುಗಳು ಮೈಭಾರ ಹೊರುತ್ತವೆ, ನಿಧಾನವಾಗಿ ಮಾಡಿದರೆ ಮಂಡಿಗೂ ಹಿತ, ವೇಗವಾಗಿ ಮಾಡಿದರೆ ಉಸಿರೂ ಏರುತ್ತದೆ. ರಥಸಪ್ತಮಿಯ ದಿನ 108 ನಮಸ್ಕಾರ ಮಾಡಿ ಮರುದಿನದಿಂದ ಸುಮ್ಮನಿರುವುದಕ್ಕಿಂತ ವರ್ಷವಿಡೀ ದಿನಕ್ಕೆ ಹತ್ತು ಮಾಡುವುದು ಮೈಗೆ ಹೆಚ್ಚು ಒಗ್ಗುತ್ತದೆ. ನಮ್ಮ ಮನೆಯಲ್ಲಿ ಮಳೆಗಾಲದ ವ್ಯಾಯಾಮ ನಡೆಯುವುದು ಮಹಡಿಯ ಮೆಟ್ಟಿಲು ಮತ್ತು ನಡುಮನೆಯಲ್ಲಿ. ಒಣಗದ ಬಟ್ಟೆಗಳ ಹಗ್ಗ ನಡುಮನೆಯ ಉದ್ದಕ್ಕೂ ಕಟ್ಟಿರುವುದರಿಂದ ಅದನ್ನು ಒಂದು ಬದಿಗೆ ಸರಿಸಿ ಕಟ್ಟಲು ಗೋಡೆಗೆ ಇನ್ನೊಂದು ಕೊಂಡಿ ಹಾಕಿಸಿದೆವು. ಆ ಕೊಂಡಿಯಿಂದ ಎರಡು ಚಾಪೆ ಹಾಸುವಷ್ಟು ಜಾಗ ಬಿಡುವಾಯಿತು. ಮೊದಲು ಮೆಟ್ಟಿಲು ಹತ್ತಿ ಇಳಿದು ಮೈ ಬೆಚ್ಚಗಾದ ಮೇಲೆ ಬಸ್ಕಿ, ಗೋಡೆಗೆ ಕೈಯೂರಿ ದಂಡ, ಕೊನೆಗೆ ನಮಸ್ಕಾರ. ಒಂದು ಲೀಟರಿನ ಎಣ್ಣೆ ಬಾಟಲಿಗಳಿಗೆ ನೀರು ತುಂಬಿಸಿ ಎರಡೂ ಕೈಯಲ್ಲಿ ಹಿಡಿದು ಎತ್ತಿ ಇಳಿಸುವುದನ್ನು ಮಗ ತಾನಾಗಿ ಸೇರಿಸಿಕೊಂಡಿದ್ದಾನೆ. ಮಹಡಿಯಿಲ್ಲದ ಹಳ್ಳಿಮನೆಗಳಲ್ಲಿ ಜಗಲಿಯ ಮೆಟ್ಟಿಲು ಇದ್ದೇ ಇರುತ್ತದೆ. ಒಂದೇ ಮೆಟ್ಟಿಲನ್ನು ಹತ್ತಿ ಇಳಿದರೂ ಕಾಲಿಗೆ ಅದೇ ಕೆಲಸ.

ಅತ್ತೆಯವರ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹಿರಿಯರ ಪಾಲಿಗೆ ವ್ಯಾಯಾಮವೆಂದರೆ ಬರೀ ನಡಿಗೆ ಎಂದು ನಾವೆಲ್ಲ ತಿಳಿದುಕೊಂಡಿದ್ದೇವೆ. ಮಧ್ಯವಯಸ್ಸು ದಾಟಿದ ಮೇಲೆ ಬಳಸದ ಸ್ನಾಯು ವರ್ಷದಿಂದ ವರ್ಷಕ್ಕೆ ಕರಗುತ್ತದೆ. ತೊಡೆ ಮತ್ತು ಸೊಂಟದ ಸ್ನಾಯು ಸೋತಾಗ ಕುರ್ಚಿಯಿಂದ ಏಳುವುದು, ಶೌಚಾಲಯದಿಂದ ಏಳುವುದು, ಬಸ್ಸಿನ ಮೆಟ್ಟಿಲು ಹತ್ತುವುದು ಕಷ್ಟವಾಗುತ್ತದೆ. ಅದರ ಮೇಲೆ ನಮ್ಮ ಮಳೆಗಾಲದ ಅಂಗಳದಲ್ಲಿ ಹಾವಸೆ ಕಟ್ಟಿರುತ್ತದೆ. ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದ ಹಿರಿಯರು ಇಲ್ಲದ ಊರು ಮಲೆನಾಡಿನಲ್ಲಿ ಸಿಗಲಾರದು. ಅರವತ್ತೈದು ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲನ ಮತ್ತು ಬಲ ಎರಡನ್ನೂ ಬೆಳೆಸುವ ಅಭ್ಯಾಸ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಬೀಳುವುದನ್ನು ತಪ್ಪಿಸುವ ಉದ್ದೇಶದಿಂದಲೇ.

ಮಂಡಿನೋವಿಗೆಂದು ಅತ್ತೆಯವರನ್ನು ನೋಡಿದ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟದ್ದು ಬಹಳ ಸರಳವಾದ ಅಭ್ಯಾಸ. ಗೋಡೆಗೆ ಒತ್ತಿ ಇಟ್ಟ, ಅಲುಗದ ಮರದ ಕುರ್ಚಿಯ ಅಂಚಿಗೆ ಕುಳಿತು, ಪಾದಗಳನ್ನು ಮಂಡಿಗಿಂತ ಸ್ವಲ್ಪ ಹಿಂದಕ್ಕೆ ಎಳೆದುಕೊಂಡು, ಮೂಗು ಕಾಲ್ಬೆರಳುಗಳ ನೇರಕ್ಕೆ ಬರುವಷ್ಟು ಮುಂದಕ್ಕೆ ಬಾಗಿ, ಕೈಯೂರದೆ ಎದ್ದು ನಿಲ್ಲುವುದು. ಮತ್ತೆ ಧೊಪ್ಪನೆ ಕೂರದೆ, ಎಣಿಸುತ್ತ ನಿಧಾನವಾಗಿ ಕುಳಿತುಕೊಳ್ಳುವುದು. ಮೊದಲ ವಾರಗಳಲ್ಲಿ ಅವರಿಗೆ ಕುರ್ಚಿಯ ಕೈ ಹಿಡಿಯದೆ ಏಳಲಾಗುತ್ತಿರಲಿಲ್ಲ. ಕೂರುವ ಜಾಗವನ್ನು ಎತ್ತರಿಸಲು ಒಂದು ದಿಂಬು ಇಟ್ಟೆವು, ಬಲ ಬಂದ ಮೇಲೆ ದಿಂಬು ತೆಗೆದೆವು. ಈಗ ಸಂಜೆ ದೇವರ ದೀಪ ಹಚ್ಚುವ ಮೊದಲು ಅವರು ಇದನ್ನು ತಾವೇ ಮಾಡಿಕೊಳ್ಳುತ್ತಾರೆ. ಆಮೇಲೆ ಅಡುಗೆಮನೆಯ ಕಟ್ಟೆಗೆ ಒಂದು ಕೈ ತಾಗಿಸಿಕೊಂಡು ಒಂಟಿಕಾಲಿನಲ್ಲಿ ನಿಲ್ಲುತ್ತಾರೆ. ಮೊಮ್ಮಗ ಪಕ್ಕದಲ್ಲಿ ನಿಂತು ಎಣಿಸುತ್ತಾನೆ. ಇಷ್ಟರಿಂದಾಗಿ ಅವರು ಬಚ್ಚಲಿಗೆ ಹೋಗಲು ರಾತ್ರಿ ಯಾರನ್ನೂ ಎಬ್ಬಿಸುತ್ತಿಲ್ಲ, ಮತ್ತು ನೆಂಟರ ಮನೆಗೆ ಹೋಗುವುದಕ್ಕೆ ಹಿಂಜರಿಯುತ್ತಿಲ್ಲ.

ಮಕ್ಕಳ ವಿಷಯದಲ್ಲಿ ನನಗೆ ಸಮಾಧಾನವಿಲ್ಲ. ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈದಣಿಯುವ ಚಟುವಟಿಕೆ ಬೇಕು. ಹತ್ತನೆಯ ತರಗತಿ ಬಂದ ಕೂಡಲೇ ಶಾಲೆ, ಟ್ಯೂಷನ್, ಪೂರ್ವಸಿದ್ಧತಾ ಪರೀಕ್ಷೆ ಎಂದು ಮಗುವಿನ ದಿನ ಬೆಳಗ್ಗೆಯಿಂದ ರಾತ್ರಿಯವರೆಗೆ ಕುರ್ಚಿಯಿಂದ ಕುರ್ಚಿಗೆ ಸಾಗುತ್ತದೆ, ಆಟದ ಪೀರಿಯಡ್ಡನ್ನು ಗಣಿತಕ್ಕೋ ವಿಜ್ಞಾನಕ್ಕೋ ಬಿಟ್ಟುಕೊಡುವುದು ಸಹಜವೆಂದು ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದಾರೆ. ಮಗಳು ಖೊಖೊ ಆಡುತ್ತಾಳೆ. ಈ ವರ್ಷ ಅದನ್ನು ಬಿಡಿಸಿ ಎಂದು ಹಿತೈಷಿಗಳು ಹಲವರು ಹೇಳಿದರು. ನಾವು ಬಿಡಿಸಲಿಲ್ಲ, ಬದಲಿಗೆ ಒಂದು ಟ್ಯೂಷನ್ ಬಿಡಿಸಿ, ಆ ವಿಷಯವನ್ನು ಅವಳ ತಂದೆ ಮನೆಯಲ್ಲೇ ಹೇಳಿಕೊಡುತ್ತಿದ್ದಾರೆ. ಆಡಿ ಬಂದ ಸಂಜೆ ಅವಳು ಪುಸ್ತಕ ಹಿಡಿದು ಕೂರುವ ರೀತಿಯೇ ಬೇರೆ, ರಾತ್ರಿ ನಿದ್ದೆಯೂ ಗಾಢ. ಹೆಣ್ಣುಮಕ್ಕಳಿಗೆ ಹೈಸ್ಕೂಲಿನಲ್ಲಿ ಆಟ ನಿಂತರೆ ಮತ್ತೆ ಅದು ಶುರುವಾಗುವುದು ಕಷ್ಟ. ಮುಂದೆ ಪಿಯುಸಿ, ಆಮೇಲೆ ಕೆಲಸ, ಮದುವೆ, ಮಕ್ಕಳು. ನಲವತ್ತರಲ್ಲಿ ವೈದ್ಯರು ಎಚ್ಚರಿಸಿದಾಗ ಓಡುವ ಅಭ್ಯಾಸವೇ ಇರದ ಮೈಯನ್ನು ಹೊಸದಾಗಿ ಪಳಗಿಸಬೇಕಾಗುತ್ತದೆ. ಮಗಳ ಆಟವನ್ನು ಉಳಿಸುವುದು ಅವಳ ಪರೀಕ್ಷೆಯಷ್ಟೇ ಮಹತ್ವದ ಕರ್ತವ್ಯವೆಂದು ನಾನು ನಂಬಿದ್ದೇನೆ.

ರಾತ್ರಿಯ ಊಟದ ನಂತರದ ನಡಿಗೆ ಐವರೂ ಒಟ್ಟಿಗೆ ಮಾಡುವ ಒಂದೇ ವ್ಯಾಯಾಮ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆಯೆಂದೂ, 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆಂದೂ ಅಂದಾಜು ಮಾಡಿದೆ. ಅನ್ನ ಉಂಡ ಮೇಲೆ ರಕ್ತದಲ್ಲಿ ಏರುವ ಸಕ್ಕರೆಯನ್ನು ದುಡಿಯುವ ಸ್ನಾಯುಗಳು ಇನ್ಸುಲಿನ್ನಿನ ನೆರವನ್ನು ಹೆಚ್ಚು ಕಾಯದೆ ನೇರವಾಗಿ ಒಳಕ್ಕೆ ಎಳೆದುಕೊಳ್ಳುತ್ತವೆ. ಹತ್ತು ಹದಿನೈದು ನಿಮಿಷ ಮೆಲ್ಲಗೆ ನಡೆದರೂ ಆ ಏರಿಕೆ ತಗ್ಗುತ್ತದೆ. ಆದ್ದರಿಂದ ಊಟವನ್ನು ಎಂಟು ಗಂಟೆಯೊಳಗೆ ಮುಗಿಸಿ ನಮ್ಮ ಅಡ್ಡರಸ್ತೆಯಲ್ಲೇ ಹೋಗಿ ಬರುತ್ತೇವೆ. ಅತ್ತೆಯವರು ಮೊದಲ ತಿರುವಿನವರೆಗೆ ಬಂದು ಪರಿಚಯದವರ ಗೇಟಿನ ಬಳಿ ನಿಂತು ಮಾತಾಡಿಕೊಂಡಿರುತ್ತಾರೆ. ಬೀದಿನಾಯಿಗಳಿಗಾಗಿ ಒಂದು ಕೋಲು, ಗುಂಡಿಗಳಿಗಾಗಿ ಒಂದು ಟಾರ್ಚು ಜೊತೆಗಿರುತ್ತವೆ.

ಎಚ್ಚರಿಕೆಯ ಮಾತುಗಳು ಕೆಲವೇ. ನಡೆಯುವಾಗ ಎದೆಯಲ್ಲಿ ಬಿಗಿತ, ತಲೆಸುತ್ತು ಅಥವಾ ಮಾಮೂಲಿಗಿಂತ ಹೆಚ್ಚಿನ ಏದುಸಿರು ಬಂದರೆ ತಕ್ಷಣ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಜೇಬಿನಲ್ಲಿ ಸಕ್ಕರೆಯನ್ನೋ ಬೆಲ್ಲದ ತುಂಡನ್ನೋ ಇಟ್ಟುಕೊಂಡು ಹೊರಡಬೇಕು, ಮತ್ತು ಹವಾಯಿ ಚಪ್ಪಲಿಯಲ್ಲಿ ನಡೆಯುವುದನ್ನು ಬಿಡಬೇಕು. ಕಾಲಿನ ಸಣ್ಣ ಗಾಯವೂ ಅವರಿಗೆ ದೊಡ್ಡದಾಗಬಹುದು.

ಹಳ್ಳಿಯ ವಾರಗಿತ್ತಿಯ ಪರಿಸ್ಥಿತಿ ನನ್ನದಕ್ಕಿಂತ ಕಠಿಣ. ಅವಳು ಕೂಲಿಯವರಂತೆ ದಿನವಿಡೀ ಹೊರೆ ಹೊರುವವಳಲ್ಲ, ನನ್ನಂತೆ ಪಾರ್ಕಿಗೆ ಹೋಗಬಲ್ಲವಳೂ ಅಲ್ಲ. ಅಡುಗೆಮನೆ ಮತ್ತು ಜಗಲಿಯ ನಡುವೆ ನಿಂತು ಕುಳಿತು ದಿನ ಕಳೆಯುತ್ತದೆ, ಸಕ್ಕರೆಯ ಅಂಶವೂ ಗಡಿಯಲ್ಲಿದೆ. ಕೊನೆ ಕೊಯ್ಲು ಶುರುವಾದ ಮೇಲೆ ಬೆಳಗ್ಗೆ ನಾಲ್ಕೂವರೆಗೇ ಒಲೆ ಹೊತ್ತಬೇಕು, ಕೊನೆಗಾರರಿಗೆ ತಿಂಡಿ, ಹತ್ತು ಗಂಟೆಗೆ ಟೀ, ಮಧ್ಯಾಹ್ನ ಊಟ, ಸುಲಿಯಲು ಬಂದವರಿಗೆ ಮತ್ತೆ ನಾಲ್ಕು ಗಂಟೆಗೆ ಟೀ. ಅಲ್ಲಿ ಬೆಳಗಿನ ಹೊತ್ತನ್ನು ಕೇಳುವಂತೆಯೇ ಇಲ್ಲ. ಸುಗ್ಗಿಯ ಹೊತ್ತಿಗೆ ಕಾಡಿನ ದಾರಿಯೂ ಸುರಕ್ಷಿತವಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಯನ್ನು ಹರಡುವ ಉಣುಗುಗಳು ಡಿಸೆಂಬರಿನಿಂದ ಮೇ ತಿಂಗಳವರೆಗೆ ಒಣಗಿದ ದರಗಿನ ಮೇಲೆ ಹೆಚ್ಚಾಗಿರುತ್ತವೆ. ಕಾಡಿಗೆ ಹೋಗಲೇಬೇಕಾದವರು ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡು, ಮೈಮುಚ್ಚುವ ಬಟ್ಟೆ ಹಾಕಿಕೊಂಡು ಹೋಗಿ, ಬಂದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡುತ್ತಾರೆ. ನಡಿಗೆಗಾಗಿ ಮಾತ್ರ ಹೊರಡುವವರು ಆ ದಾರಿಯನ್ನು ಬಿಟ್ಟು ಡಾಂಬರು ರಸ್ತೆ ಹಿಡಿಯುವುದೇ ಸರಿ.

ಕಳೆದ ಸುಗ್ಗಿಯಲ್ಲಿ ನಾವು ಊರಿಗೆ ಹೋಗಿದ್ದಾಗ ಈ ವಿಷಯವನ್ನು ಎಲ್ಲರೂ ಜಗಲಿಯಲ್ಲಿ ಕುಳಿತು ಮಾತಾಡಿದೆವು. ಸುಲಿಯುವವರ ನಾಲ್ಕು ಗಂಟೆಯ ಟೀ ಕೆಲಸವನ್ನು ಮೈದುನ ವಹಿಸಿಕೊಂಡ. ದೊಡ್ಡ ಪಾತ್ರೆಯಲ್ಲಿ ಡಿಕಾಕ್ಷನ್ ಇಳಿಸುವುದು, ಲೋಟ ಜೋಡಿಸುವುದು, ಕುಡಿದಾದ ಮೇಲೆ ತೊಳೆದಿಡುವುದು, ಎಲ್ಲವೂ ಅವನದೇ. ಆ ಮುಕ್ಕಾಲು ಗಂಟೆಯಲ್ಲಿ ವಾರಗಿತ್ತಿ ಬಸ್ ನಿಲ್ದಾಣದವರೆಗಿನ ಏರುದಾರಿಯನ್ನು ನಡೆದು ಬರುತ್ತಾಳೆ. ಪಕ್ಕದ ಮನೆಯ ಇಬ್ಬರು ಹೆಂಗಸರೂ ಈಗ ಅವಳ ಜೊತೆ ಸೇರಿಕೊಂಡಿದ್ದಾರೆ. ಅವರ ಮನೆಗಳಲ್ಲಿ ಸಂಜೆಯ ಟೀ ಯಾರು ಮಾಡಬೇಕೆಂಬುದು ಇನ್ನೂ ತೀರ್ಮಾನವಾಗದ ಕಾರಣ, ಕೆಲವು ದಿನ ಅವರು ದಾರಿಯ ಅರ್ಧಕ್ಕೇ ತಿರುಗಿ ಮನೆಗೆ ಓಡಬೇಕಾಗುತ್ತದೆ.